ಪಾವಗಡದಲ್ಲಿ ನನ್ನ ಹೊಲ

ಹೊರಡುವ ಮೊದಲು

ವಿಲಾಯಿತಿಗೆ ಹೋಗಿಬಂದವರೆಲ್ಲ ತಮ್ಮ ಪ್ರವಾಸ ಬರೆಯುತ್ತಾರೆ. ಹಡಗು, ಕಡಲ ವಾಂತಿ, ಮಂಜು, ಮೊಣಕೈವರೆಗೆ ಕೈಗವಸು ತೊಟ್ಟ ಮೇಡಮ್ಮುಗಳು. ಓದಿ ಓದಿ ನನಗೆ ಹೊಟ್ಟೆಯುರಿ. ಈಗ ನಾನೂ ಬರೆಯುತ್ತೇನೆ, ಯಾಕೆಂದರೆ ನಾನೂ ಪರರಾಜ್ಯ ದಾಟಿ ಬಂದವನೇ. ಹಡಗು ಹತ್ತಲಿಲ್ಲ, ಇದ್ದಿಲು ಬಸ್ಸು ಹತ್ತಿದೆ. ನಗಬೇಡಿ, ನಕ್ಷೆ ತೆಗೆದು ನೋಡಿ. ನಮ್ಮ ಮಹಾರಾಜರ ತಾಲ್ಲೂಕುಗಳಲ್ಲಿ ಪಾವಗಡ ಒಂದು ಮಾತ್ರ ಮನೆ ಬಿಟ್ಟು ಪಕ್ಕದ ಮನೆಯವರ ಹಿತ್ತಲಲ್ಲಿ ಕೂತ ಮಗುವಿನ ಹಾಗೆ ಇಂಗ್ಲಿಷರ ಸೀಮೆಯ ನಡುವೆ ಕೂತಿದೆ. ಮಧುಗಿರಿಯಿಂದ ಅಲ್ಲಿಗೆ ಹೋಗಬೇಕಾದರೆ ನಮ್ಮ ದೊರೆಯ ನೆಲ ಬಿಟ್ಟು, ಇಂಗ್ಲೆಂಡಿನ ದೊರೆಯ ನೆಲ ತುಳಿದು, ಮತ್ತೆ ನಮ್ಮ ದೊರೆಯ ನೆಲಕ್ಕೆ ಕಾಲಿಡಬೇಕು. ಇದು ವಿದೇಶ ಪ್ರವಾಸ ಅಲ್ಲದಿದ್ದರೆ ಇನ್ಯಾವುದು?

ಹೋದದ್ದು ಸುಮ್ಮನೆ ಅಲ್ಲ. ನಾನು ಮೈಸೂರಿನಲ್ಲಿ ಸಮಾಜಶಾಸ್ತ್ರದ ಆನರ್ಸ್ ಓದುವವನು. ಕೊನೆಯ ವರ್ಷ ಒಂದು ಪ್ರಬಂಧ ಬರೆಯಬೇಕು, ಅದೂ ಒಬ್ಬ ಪ್ರೊಫೆಸರ ಮೇಲ್ವಿಚಾರಣೆಯಲ್ಲಿ. ನಮ್ಮ ಪ್ರೊಫೆಸರ ಮೇಲ್ವಿಚಾರಣೆ ಅಂದರೆ ತಲೆ ಮೇಲೆ ತೂಗುವ ಕತ್ತಿ. ಬರೆದದ್ದನ್ನು ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಇದರಲ್ಲಿ ನೀನು ಕಣ್ಣಾರೆ ಕಂಡದ್ದು ಯಾವುದಪ್ಪ?" ಅನ್ನುತ್ತಾರೆ. ನಾನು ಲೈಬ್ರರಿಯಲ್ಲಿ ಕೂತು ಬರೆದ ಮೊದಲ ಅಧ್ಯಾಯಕ್ಕೂ ಅದೇ ಗತಿಯಾಯಿತು.

ವಿಷಯ ಅವರೇ ಕೊಟ್ಟದ್ದು: ಮುಯ್ಯಾಳು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ಕೂಲಿಯ ಮಾತಿಲ್ಲ. ಹಳ್ಳಿಯ ಕಡೆಯವರಿಗೆಲ್ಲ ಗೊತ್ತಿರುವ ಪದ್ಧತಿ. "ಕೊಟ್ಟ ಆಳು ವಾಪಸ್ಸು ಬರದೇ ಹೋದರೆ ಏನಾಗುತ್ತೆ? ಅದನ್ನ ತಿಳ್ಕೊಂಡು ಬಾ," ಅಂದರು. "ಒಂದು ಮಾತು. ನೀನು ದಡದ ಮೇಲೆ ನಿಂತು ನೋಡೋನು. ನೀರಿಗೆ ಇಳೀಬೇಡ. ಅವರ ವ್ಯವಹಾರಕ್ಕೆ ತಲೆ ಹಾಕಿದೆಯೋ, ಪ್ರಬಂಧ ಕೆಡ್ತು ಅಂತ ತಿಳ್ಕೋ."

ನಾನು ಮಹಾ ವಿನಯದಿಂದ ತಲೆಯಾಡಿಸಿದೆ. ಅಮ್ಮ ಹುರಿಹಿಟ್ಟು, ಒಂದು ಚೀಲ ಅಕ್ಕಿ, ಮೂರು ದಿನ ಆಗುವಷ್ಟು ಬುದ್ಧಿವಾದ ಕಟ್ಟಿಕೊಟ್ಟಳು.

ಕೊರಟಗೆರೆ

ಯುದ್ಧ ನಡೆಯುತ್ತಿರುವುದರಿಂದ ಪೆಟ್ರೋಲು ಇಲ್ಲ. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಒಲೆ ಕಟ್ಟಿ, ಇದ್ದಿಲು ಉರಿಸಿ, ಅದರ ಹೊಗೆಯಲ್ಲಿ ಓಡಿಸುತ್ತಾರೆ. ಓಡಿಸುತ್ತಾರೆ ಅನ್ನುವುದು ದಾಕ್ಷಿಣ್ಯದ ಮಾತು. ತುಮಕೂರು ಬಿಟ್ಟು ಕೊರಟಗೆರೆ ಹತ್ತಿರದ ಏರು ಬರುವ ಹೊತ್ತಿಗೆ ನಮ್ಮ ಬಸ್ಸು ಮುದುಕರ ಹಾಗೆ ಕೆಮ್ಮಿ ನಿಂತೇಬಿಟ್ಟಿತು. ಸಿದ್ದರಬೆಟ್ಟಕ್ಕೆ ಹೊರಟ ಭಕ್ತರ ಗುಂಪೊಂದು ಗೋವಿಂದ ಗೋವಿಂದ ಅಂತ ಇಳಿಯಿತು. ಶಿವನ ಬೆಟ್ಟಕ್ಕೆ ಹೊರಟವರು ಗೋವಿಂದನನ್ನು ಯಾಕೆ ಕರೆದರೋ, ಇದ್ದಿಲಿನ ದೇವರು ಅವನೇ ಇರಬೇಕು.

ನನ್ನ ಪಕ್ಕ ಕೂತಿದ್ದವನು ಒಬ್ಬ ಕಂಬಳಿ ವ್ಯಾಪಾರಿ. ಬಸ್ಸು ಹತ್ತಿದ ಗಳಿಗೆಯಿಂದ ನನ್ನನ್ನು ಪ್ರಶ್ನೆ ಕೇಳುತ್ತಲೇ ಇದ್ದ. ನಮ್ಮ ಮೈಸೂರಿನಲ್ಲಿ ಅಕ್ಕಪಕ್ಕ ಕೂತು ಬೆಂಗಳೂರಿನವರೆಗೆ ಹೋದರೂ ಹೆಸರು ಕೇಳುವುದಿಲ್ಲ. ಇಲ್ಲಿ ಹೆಸರು ಕೇಳದಿದ್ದರೆ ಅದು ಅವಮಾನ.

"ಎಲ್ಲಿಗೆ ಹೊಂಟ್ರಿ ಸ್ವಾಮಿ?"

"ಪಾವಗಡದ ಕಡೆ."

"ಹೆಣ್ಣು ನೋಡೋಕಾ?"

"ಅಲ್ಲ ಮಾರಾಯ. ಮುಯ್ಯಾಳಿನ ವಿಷಯ ತಿಳ್ಕೊಳ್ಳೋಕೆ."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಅದುಕ್ಕೆ ಅಷ್ಟು ದೂರ ಯಾಕೆ ಹೋಯ್ತೀರಿ? ಇಳೀರಿ ಕೆಳಕ್ಕೆ. ಈ ಏರಿಗೆ ನೀವು ತಳ್ಳಿ, ನಾನು ಕುಂತ್ಕೊಂತೀನಿ. ಮುಂದಿನ ಏರಿಗೆ ನಾನು ತಳ್ತೀನಿ, ನೀವು ಕುಂತ್ಕಳ್ಳಿ. ಅಷ್ಟೇಯ ಮುಯ್ಯಾಳು ಅಂದ್ರೆ."

ನಾನು ಬೆವರಿಳಿಸಿ ತಳ್ಳಿದೆ. ಮುಂದಿನ ಏರು ಬರುವ ಮೊದಲೇ ಆ ಪುಣ್ಯಾತ್ಮ ಕೊರಟಗೆರೆಯಲ್ಲಿ ಇಳಿದು ಹೋದ. ಕೊಟ್ಟ ಆಳು ವಾಪಸ್ಸು ಬರದಿದ್ದರೆ ಏನಾಗುತ್ತೆ ಅನ್ನುವುದಕ್ಕೆ ನನ್ನ ಮೊದಲ ಉತ್ತರ ಸಿಕ್ಕಿತು: ಸೊಂಟ ಹಿಡಿಯುತ್ತೆ.

ಮಧುಗಿರಿ

ಮಧುಗಿರಿಯ ಬೆಟ್ಟವನ್ನು ನಾನು ಎಷ್ಟು ಬರೆದರೂ ನೀವು ನಂಬುವುದಿಲ್ಲ. ನಮ್ಮ ಚಾಮುಂಡಿ ಬೆಟ್ಟಕ್ಕೆ ಮರ ಇದೆ, ಮಣ್ಣು ಇದೆ, ಮೆಟ್ಟಿಲು ಇದೆ, ಹತ್ತುತ್ತಾ ಹತ್ತುತ್ತಾ ಕೂತು ಕಡಲೆಪುರಿ ತಿನ್ನಬಹುದು. ಇದು ಹಾಗಲ್ಲ. ಇದು ಒಂದೇ ಕಲ್ಲು. ಬುಡದಿಂದ ಮೋಡದವರೆಗೆ ಒಂದೇ ಒಂದು ಕಲ್ಲು, ಅದರ ಮೈಮೇಲೆ ಕೋಟೆಯ ಗೋಡೆ ಹತ್ತಿಕೊಂಡು ಹೋಗಿದೆ. ಬಸ್ಸಿನಿಂದ ಇಳಿದವನು ಟ್ರಂಕು ಕೈಯಲ್ಲಿ ಹಿಡಿದುಕೊಂಡೇ ಬಾಯಿ ಬಿಟ್ಟು ನಿಂತೆ. ಹಿಂದಿನಿಂದ ಎತ್ತಿನ ಗಾಡಿಯವನು "ಅಣ್ಣೋ, ಬೆಟ್ಟ ನಾಳೇನೂ ಇರ್ತೈತೆ, ದಾರಿ ಬುಡು" ಅಂದ.

ರಾತ್ರಿ ಉಳಿದದ್ದು ಬೆಟ್ಟದ ಕೆಳಗೆ ಒಬ್ಬ ಲಿಂಗಾಯತ ವರ್ತಕರ ಮನೆಯಲ್ಲಿ, ನಮ್ಮ ತಂದೆಗೆ ಪರಿಚಯದವರು. ಮನೆಯ ಯಜಮಾನಿ ಊಟಕ್ಕೆ ಬಡಿಸುತ್ತಾ ಬೆಟ್ಟದ ಮಾತು ಬಂದಾಗ, "ನಮ್ಮತ್ತೆ, ಅವರತ್ತೆ, ಎಲ್ಲ ಇದುರ ನೆರಳಾಗೇ ಬಾಳಿದ್ದು. ದಿನಾ ನೋಡ್ತೀವಿ. ಆದ್ರೂ ಒಂದೊಂದು ದಿನ ಬಾಗ್ಲು ತೆಗೆದ್ರೆ ಎದೆ ಝಲ್ ಅಂತೈತೆ ಕಣಪ್ಪ," ಅಂದರು. ಹುಟ್ಟಿದಂದಿನಿಂದ ನೋಡುವವರಿಗೇ ಹೀಗಾದರೆ ನನ್ನ ಗತಿ ಏನು? ಬೆಳಗ್ಗೆ ಎದ್ದು ನಾನೂ ಬಾಗಿಲು ತೆಗೆದು ನೋಡಿದೆ. ಅವರು ಹೇಳಿದ್ದು ನಿಜ.

ಗಡಿಯ ಚೌಕಿ

ಮಧುಗಿರಿಯಿಂದ ಬಡಗಣ ದಿಕ್ಕಿಗೆ ಹೋದರೆ ನಮ್ಮ ರಾಜ್ಯ ಮುಗಿಯುತ್ತದೆ. ಹೇಗೆ ಮುಗಿಯುತ್ತೆ ಅಂತ ನನಗೆ ಬಹಳ ಕುತೂಹಲ. ಸಮುದ್ರ ಇಲ್ಲ, ನದಿ ಇಲ್ಲ, ಗೋಡೆ ಇಲ್ಲ. ರಸ್ತೆಯಲ್ಲಿ ಒಂದು ಬಿದಿರಿನ ಅಡ್ಡಗಟ್ಟೆ, ಪಕ್ಕದಲ್ಲಿ ಒಂದು ಗುಡಿಸಲು, ಅದರೊಳಗೆ ಮೀಸೆಯ ಜವಾನ. ಯುದ್ಧಕಾಲವಾದ್ದರಿಂದ ಈ ಕಡೆಯ ದವಸ ಆ ಕಡೆಗೆ, ಆ ಕಡೆಯದು ಈ ಕಡೆಗೆ ಹೋಗಕೂಡದು. ಜವಾನ ನನ್ನ ಚೀಲ ಬಿಚ್ಚಿ ಅಮ್ಮನ ಅಕ್ಕಿ ಹೊರಗಿಟ್ಟ.

"ನಾನು ಮೈಸೂರಿನಿಂದ ಮೈಸೂರಿಗೇ ಹೋಗೋನು ಕಣಯ್ಯ!" ಅಂತ ನಾನು ಕೂಗಾಡಿದೆ.

"ಅವುನು ಸಾಮಿ. ಆದ್ರೆ ನಡುವಿರೋದು ಮೈಸೂರಲ್ವಲ್ಲ," ಅಂದ ಅವನು ತಣ್ಣಗೆ.

ಹುರಿಹಿಟ್ಟು ದವಸವೋ ತಿಂಡಿಯೋ ಅನ್ನುವ ಬಗ್ಗೆ ಸ್ವಲ್ಪ ಹೊತ್ತು ಚರ್ಚೆ ನಡೆಯಿತು. ತೀರ್ಮಾನಕ್ಕೆ ಬರಲು ಅವನು ಎರಡು ಹಿಡಿ ಹಿಟ್ಟಿಗೆ ಬೆಲ್ಲ ಕಲಸಿ ತಿಂದು ನೋಡಿದ. ತಿಂಡಿ ಅಂತ ಇತ್ಯರ್ಥವಾಯಿತು.

ಆದರೆ ನನ್ನನ್ನು ಬೆರಗುಗೊಳಿಸಿದ್ದು ಜವಾನನಲ್ಲ, ಅವನ ಬೆನ್ನ ಹಿಂದಿನ ಹೊಲ. ಅಲ್ಲಿ ಒಬ್ಬ ಗಂಡಸು ಉಳುತ್ತಿದ್ದ. ಮನೆ ನಮ್ಮ ಮಹಾರಾಜರ ಕಡೆ, ಹೊಲ ಇಂಗ್ಲಿಷರ ಕಡೆ. ದಿನಾ ಎತ್ತು ಹೊಡೆದುಕೊಂಡು ವಿಲಾಯಿತಿಗೆ ಹೋಗಿ ಸಂಜೆ ಮನೆಗೆ ಬರುತ್ತಾನೆ. ಎತ್ತುಗಳಿಗೆ ಕನ್ನಡದಲ್ಲಿ ಬೈಯ್ಯುತ್ತಿದ್ದವನು ತಿರುವಿನಲ್ಲಿ ತೆಲುಗಿಗೆ ಹೊರಳಿದ. ಎರಡು ಸರ್ಕಾರಗಳು ಸೇರಿ ಎಳೆದ ಗೆರೆಯನ್ನು ಅವನ ಎತ್ತುಗಳು ನೋಡಿಯೇ ಇರಲಿಲ್ಲ.

ಬಂಡೇಪಲ್ಲಿ

ಪಾವಗಡದ ಊರಿನಿಂದ ಗಾಡಿಯಲ್ಲಿ ಅರ್ಧ ದಿನ ಹೋದರೆ ನಾನು ಉಳಿದ ಹಳ್ಳಿ. ಬಂಡೇಪಲ್ಲಿ ಅಂತ ಕರೆಯೋಣ. ಹೆಸರಿಗೆ ತಕ್ಕ ಹಾಗೆ ಎಲ್ಲಿ ನೋಡಿದರೂ ಬಂಡೆ, ಯಾರೋ ಆಟವಾಡಿ ಎದ್ದು ಹೋದ ಹಾಗೆ ಒಂದರ ಮೇಲೊಂದು. ಬಂಡೆಗಳ ನಡುವೆ ಕೆಂಪು ಹೊಲ, ಹೊಲದ ತುಂಬ ಕಡಲೆಕಾಯಿ. ಮೇಲೆ ಆಕಾಶ ಎಷ್ಟು ಅಗಲ ಅಂದರೆ ಮೈಸೂರಿನ ಆಕಾಶಕ್ಕೆ ಮನೆಗಳು ಅಂಚು ಕತ್ತರಿಸಿವೆ ಅಂತ ನನಗೆ ಅಲ್ಲೇ ಗೊತ್ತಾದದ್ದು.

ಊರ ಗೌಡರು ಹನುಮಂತರಾಯಪ್ಪ, ಎತ್ತರದ ಆಳು, ಮಾತು ಕಡಿಮೆ. ನಾನು ಪ್ರಶ್ನೆಗಳ ಹಾಳೆ ತೆಗೆದದ್ದನ್ನು ನೋಡಿ, "ಏಮಪ್ಪಾ ಮೈಸೂರಯ್ಯ, ಕಾಯಿ ಕೀಳೋ ಕಾಲ ಇದು. ನೆಲದಾಗೆ ತ್ಯಾವ ಇರಾಗ ಕಿತ್ರೆ ಬಂತು. ಒಣಗಿದ್ರೆ ಗಿಡ ಕೈಗೆ ಬತ್ತೈತೆ, ಕಾಯಿ ನೆಲದಾಗೇ ಉಳೀತೈತೆ. ಕುಂತು ಮಾತಾಡೋಕೆ ಯಾರಿಗೈತೆ ಪುರುಸೊತ್ತು? ಹೊಲಕ್ಕೆ ಬಾ, ಕೀಳ್ತಾ ಮಾತಾಡಾನ," ಅಂದರು.

ಪ್ರೊಫೆಸರು ಹೇಳಿದ ದಡ ನೆನಪಾಯಿತು. ಆದರೆ ದಡದಲ್ಲಿ ನಿಂತು ನೋಡುವವನಿಗೆ ಇವರು ಬಾಯಿ ಬಿಡುವುದಿಲ್ಲವಲ್ಲ! ಪಂಚೆ ಎತ್ತಿ ಕಟ್ಟಿ ಇಳಿದೆ. ಮೊದಲ ದಿನ ಅಂಗೈಯಲ್ಲಿ ಬೊಬ್ಬೆ ಎದ್ದವು. ಎರಡನೆಯ ದಿನ ಬೊಬ್ಬೆ ಒಡೆದವು. ಹೆಂಗಸರು ನನ್ನ ಸಾಲನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದರು. ಗೌಡರ ಹೆಂಡತಿ ತಿಮ್ಮಕ್ಕ, "ಲೇ, ಮೈಸೂರಯ್ಯ ಬಿಟ್ಟಿರೋ ಕಾಯಿ ಆಯೋಕೇ ಇನ್ನೊಂದು ಆಳು ಬೇಕು ಕಣ್ರೇ" ಅಂತ ಹೊಲಕ್ಕೆಲ್ಲ ಕೇಳುವಂತೆ ಸಾರಿದಳು. ಆದರೂ ನನ್ನ ಪ್ರಶ್ನೆಗಳಿಗೆ ಉತ್ತರ ಬರುತ್ತಾ ಹೋಯಿತು. ಮಧ್ಯಾಹ್ನ ಎಲ್ಲರ ಜೊತೆ ಬೇವಿನ ಮರದ ಕೆಳಗೆ ಕೂತು ಮುದ್ದೆ ನುಂಗಿ, ಕಾಳುಸಾರು ಸುರಿದುಕೊಂಡು, ಹಸಿ ಕಾಯಿಯನ್ನು ಒಣಗಿದ ಕಡ್ಡಿಯಲ್ಲಿ ಸುಟ್ಟು ತಿನ್ನುವುದು. ಅಷ್ಟು ರುಚಿಯ ಊಟ ನಾನು ಅರಮನೆಯ ಬೀದಿಯ ಹೋಟೆಲಿನಲ್ಲೂ ಉಂಡಿಲ್ಲ.

ಹೀಗೆ ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರದು. ಊರಿನ ಹೊಲಗಳೆಲ್ಲ ಬೋಳಾದವು, ಒಂದು ಬಿಟ್ಟು. ಊರ ಕೊನೆಯ ಬಂಡೆಯ ಪಕ್ಕ ಅದೊಂದು ಹಾಗೇ ನಿಂತಿತ್ತು. ಅದು ಯಾರದು ಅಂತ ಕೇಳಿದರೆ ಗೌಡರು ಎತ್ತಿನ ಕೊರಳು ಸವರುತ್ತಾ ಬೇರೆ ಮಾತು ತೆಗೆದರು.

ಒಂದು ಸಂಜೆ ಚಾವಡಿಯಲ್ಲಿ ನನ್ನ ವಿಷಯ ಬಂತು. ನಾನು ಇಷ್ಟು ಮನೆಗಳಿಗೆ ದುಡಿದಿದ್ದೇನೆ, ಅದನ್ನು ತೀರಿಸುವುದು ಹೇಗೆ? ತಮಾಷೆಯಲ್ಲ, ಅವರಿಗೆ ನಿಜವಾಗಿ ಚಿಂತೆ.

"ಎಲ್ಲೈತೆ ನಿನ್ನ ಹೊಲ?"

"ನಮಗೆ ಹೊಲ ಇಲ್ಲ ಗೌಡ್ರೆ."

"ಮನೆಗೆ ಸುಣ್ಣ ಹೊಡೆಯೋಕೆ ಬರ್ಲಾ?" ಅಂತ ಒಬ್ಬ. "ಮೈಸೂರಿಗೆ ಹೋಗಿ ಬರೋಕೆ ಒಂದು ಸುಗ್ಗಿ ಬೇಕು" ಅಂತ ಇನ್ನೊಬ್ಬ. ಬಡವರು, ಪಾಪ, ಯಾಕೆ ತೊಂದರೆ ಪಡಬೇಕು ಅಂತ ನನ್ನ ಹೃದಯ ವಿಶಾಲವಾಯಿತು. ಎದೆಯ ಮೇಲೆ ಕೈಯಿಟ್ಟು, "ಅಯ್ಯೋ, ನೀವು ಯಾರೂ ಏನೂ ತೀರಿಸೋದು ಬೇಡ. ನಿಮ್ಮ ಮುಯ್ಯಿ ನಾನು ಬಿಟ್ಟೆ," ಅಂದೆ.

 ಒಬ್ಬೊಬ್ಬರೇ ಎದ್ದು ಹೋದರು. ಗೌಡರು ಕೊನೆಗೆ, "ಸರೆ," ಅಂತ ಒಂದೇ ಮಾತು ಅಂದು ಹೋದರು. ನನ್ನ ದೊಡ್ಡತನಕ್ಕೆ ಮಾತು ಹೊರಡದೆ ಹೋದರು ಅಂತಲೇ ನಾನು ತಿಳಿದುಕೊಂಡೆ. ಎಂಥ ಕತ್ತೆ ನಾನು!

ಮಾರನೆಯ ದಿನ ನನ್ನನ್ನು ಯಾರೂ ಕೂಗಲಿಲ್ಲ. ಹೊಲದಿಂದ ಕಣಕ್ಕೆ ಬಳ್ಳಿ ಹೊರುವ ಕೆಲಸ ಇತ್ತು, ಎಲ್ಲ ಹೋದರು. ಮಧ್ಯಾಹ್ನ ತಿಮ್ಮಕ್ಕ ಜಗಲಿಯ ಮೇಲೆ ಮಣೆ ಹಾಕಿ, ಎಲೆ ಹಾಸಿ, ಎಲ್ಲಿಂದಲೋ ಹುಡುಕಿ ತಂದ ಅಕ್ಕಿಯ ಅನ್ನ ಬಡಿಸಿದಳು. "ತಿಮ್ಮಕ್ಕ, ನನಗೆ ಮುದ್ದೇನೇ ಸಾಕು" ಅಂದರೆ, "ಛೆ ಛೆ, ನೀವು ದೊಡ್ಡೋರು ಸ್ವಾಮಿ" ಅಂದಳು. ನೆನ್ನೆಯವರೆಗೆ ಲೇ ಅನ್ನುತ್ತಿದ್ದವಳು! ಆ ಬಿಳಿ ಅನ್ನವನ್ನು ನೋಡಿ ನನಗೆ ಅಳು ಬರುವ ಹಾಗಾಯಿತು.

ಕಾಲು ಎಳೆದುಕೊಂಡು ಊರ ಕೊನೆಯ ಆ ಹೊಲದ ಕಡೆ ಹೋದೆ. ಅಲ್ಲಿ ಒಬ್ಬ ಹೆಂಗಸು ಒಬ್ಬಳೇ ಬಗ್ಗಿ ಕೀಳುತ್ತಿದ್ದಳು. ಮರದ ಕೆಳಗೆ ಕಣ್ಣು ಮಂಜಾದ ಅವಳ ಅತ್ತೆ, ಬಳ್ಳಿಯಿಂದ ಕಾಯಿ ಬಿಡಿಸುತ್ತಿದ್ದಳು. ಆ ಹೆಂಗಸೇ ಓಬಮ್ಮ. ನನ್ನನ್ನು ಕಂಡವಳೇ ಸೊಂಟ ನೆಟ್ಟಗೆ ಮಾಡಿ ನಕ್ಕಳು.

"ಬಾ ತಮ್ಮ. ನೀನೂ ನಮ್ಮನೆಯೋನಂಗೇ ಆ ಮಾತು ಆಡಿಬುಟ್ಟೆಯಂತೆ."

ಅವಳ ಬಾಯಿಂದ ನನಗೆ ಗೊತ್ತಾದದ್ದು ಇದು. ಈ ಕಡೆ ಮುಯ್ಯಿ ಬಿಟ್ಟೆ ಅನ್ನುವುದು ಉಪಕಾರದ ಮಾತಲ್ಲ. ಅಣ್ಣತಮ್ಮಂದಿರು ನಂಟು ಹರಿದುಕೊಳ್ಳುವಾಗ ಆಡುವ ಮಾತು. ನೀನು ನನಗೆ ಬರಬೇಡ, ನಾನು ನಿನಗೆ ಬರಲ್ಲ, ಇನ್ನು ನಾವು ಯಾರಿಗೆ ಯಾರೂ ಅಲ್ಲ ಅಂತ ಅರ್ಥ. ಹೋದ ವರ್ಷ ಯಾರ ಹೊಲ ಮೊದಲು ಅನ್ನುವ ಜಗಳದಲ್ಲಿ ಅವಳ ಗಂಡ ಇದೇ ಚಾವಡಿಯಲ್ಲಿ ಆ ಮಾತು ಆಡಿದ. ಆಡಿ, ಸಿಟ್ಟಿನಲ್ಲಿ ಪಟಾಲಮ್ಮಿಗೆ ಸೇರಿ, ಸಿಪಾಯಿಯಾಗಿ ಬರ್ಮಾದ ಕಡೆ ಹೋದ. ಅಂದಿನಿಂದ ಅವಳ ಬಾಗಿಲಿಗೆ ಬಂದು ಕೆಲಸಕ್ಕೆ ಕೂಗಿದವರಿಲ್ಲ, ಅವಳು ಕೂಗುವ ಹಾಗಿಲ್ಲ.

"ಹಸಿದ್ರೆ ಹಿಟ್ಟು ಕೊಡ್ತಾರೆ, ಸುಳ್ಳು ಹೇಳಬಾರ್ದು. ಅತ್ತೆಗೆ ಜ್ವರ ಬಂದಾಗ ತಿಮ್ಮಕ್ಕನೇ ಕಷಾಯ ಕಳಿಸಿದ್ಲು. ಆದ್ರೆ ಹೊಲಕ್ಕೆ ಬಾ ಅನ್ನಲ್ಲ ತಮ್ಮ. ಮುಯ್ಯಿ ಕಡಿದೋನೇ ಬಂದು ಅವರ ಬಾಗ್ಲಲ್ಲಿ ನಿಂತು ತನ್ನ ಹೊಲಕ್ಕೆ ಕರೀಬೇಕು. ಅವನು ಎಲ್ಲವ್ನೋ, ಅವ್ನೋ ಇಲ್ವೋ."

"ಕಿತ್ತು ಮುಗಿಯುತ್ತಾ ಒಬ್ಬಳ ಕೈಲಿ?"

ಅವಳು ಹೊಲದ ಕಡೆ ನೋಡಿದಳು. ಕಿತ್ತದ್ದು ಚಾಪೆಯಗಲ, ಉಳಿದದ್ದು ಬಂಡೆಯವರೆಗೆ. "ಮಳೆ ನಿಂತೈತೆ. ನೆಲ ಬಿಗೀತಾ ಐತೆ. ಕಾಯಿ ನೆಲದಾಗೆ ಹೋದ್ರೆ ಬಿತ್ತೋಕೆ ಬೀಜ ಇಲ್ಲ. ಬೀಜ ಇಲ್ದೋರ ಹೊಲ ಎಷ್ಟು ದಿನ ಅವರದು? ಈ ಮುದುಕೀನ ಕಟ್ಕೊಂಡು ಯಾವ ಊರಿಗೆ ಹೋಗ್ಲಿ ಹೇಳು."

ನಾನು ಕತ್ತಲಾಗುವವರೆಗೆ ಅವಳ ಜೊತೆ ಕಿತ್ತೆ. ಚಾಪೆ ಕಂಬಳಿಯಾಯಿತು, ಅಷ್ಟೆ.

ಸಿರಾ

ಆ ವಾರ ನಮ್ಮ ಪ್ರೊಫೆಸರು ಆನರ್ಸ್ ಹುಡುಗರ ಕೆಲಸ ನೋಡಲು ಸಿರಾಕ್ಕೆ ಬರುವವರಿದ್ದರು. ನಾನು ಅಲ್ಲಿಗೆ ಹೋಗಿ ವರದಿ ಒಪ್ಪಿಸಬೇಕು. ಇನ್ನೊಂದು ಇದ್ದಿಲು ಬಸ್ಸು, ಇನ್ನಷ್ಟು ತಳ್ಳಾಟ. ಸಿರಾಕ್ಕೆ ಬಂದಾಗ ಸುಡು ಮಧ್ಯಾಹ್ನ. ಹೋಟೆಲಿನ ಸಾಹೇಬರು ನನ್ನ ಮುಖ ನೋಡಿ, "ಬೈಠೋ ಸ್ವಾಮಿ, ಜಲ್ದಿ ಏನೈತೆ? ಬಸ್ಸು ತಳ್ಳಿದೋರಿಗೆ ಮೊದ್ಲು ಪಾನಿ, ಆಮೇಲೆ ಚಾ," ಅಂತ ತಾವೇ ಕೂಜೆಯಿಂದ ಬಗ್ಗಿಸಿದರು. ಹೆಸರು ಹೇಳುವ ಮೊದಲೇ ನೀರು! ಮೈಸೂರಿನಲ್ಲಿ ನಾವು ಜಾತಿ ತಿಳಿದು ಲೋಟ ತೆಗೆಯುತ್ತೇವೆ.

ಪ್ರೊಫೆಸರು ಸಿಕ್ಕಿದ್ದು ಹಳೆಯ ಕಲ್ಲಿನ ಮಸೀದಿಯ ಹತ್ತಿರ. ಹೊರಗೆ ಬೆಂಕಿಯ ಬಿಸಿಲು, ಒಳಗೆ ಕಲ್ಲು ತಣ್ಣಗೆ. ಇಷ್ಟು ಭಾರದ ಕಲ್ಲು ಹೊತ್ತು ನಿಲ್ಲಿಸಿದವರು ಯಾವ ಮುಯ್ಯಾಳಿನವರೋ ಅಂದುಕೊಂಡೆ. ನೆರಳಲ್ಲಿ ನಿಂತು ನಾನು ಎಲ್ಲ ಹೇಳಿದೆ, ಚಾವಡಿಯ ನನ್ನ ಭಾಷಣವನ್ನೂ ಬಿಡದೆ.

"ಅಂದರೆ ನಿನ್ನ ಹತ್ತಿರ ಇರೋದು ಅರ್ಧ ಪ್ರಬಂಧ," ಅಂದರು. "ಅವರು ನಿನ್ನ ಜೊತೆ ಮಾತಾಡದೆ ಇನ್ನರ್ಧ ಆಗಲ್ಲ. ಅರ್ಧಕ್ಕೆ ಯಾರೂ ಆನರ್ಸ್ ಕೊಡಲ್ಲ."

"ಆ ಓಬಮ್ಮನ ಹೊಲ, ಸಾರ್?"

"ಅದು ನಿನಗೆ ಸಂಬಂಧಪಟ್ಟದ್ದಲ್ಲ. ದಡದಲ್ಲಿ ನಿಲ್ಲು ಅಂತ ಹೇಳಿರಲಿಲ್ಲವೇ?"

ನನಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. "ಸಾರ್, ನೀವು ದಡ ದಡ ಅಂತೀರಿ. ಅಲ್ಲಿ ದಡಾನೇ ಇಲ್ಲ. ಹೊಲ ಇದೆ. ಇಳಿದೋರು ಇದಾರೆ, ಇಳಿಸಿಕೊಳ್ಳದೇ ಇರೋರು ಇದಾರೆ. ಮೂರನೇ ಜಾಗ ನನಗೆ ಕಾಣಲಿಲ್ಲ."

ಅಂದಮೇಲೆ ನಾಲಗೆ ಕಚ್ಚಿಕೊಂಡೆ. ಪ್ರೊಫೆಸರು ಕನ್ನಡಕ ತೆಗೆದರು, ಒರೆಸಿದರು. ಬಹಳ ಹೊತ್ತು ಒರೆಸಿದರು. "ಆಯ್ತು, ಹೋಗು. ಹೇಗೆ ಸರಿ ಮಾಡ್ಕೋತೀಯೋ ನನಗೂ ಗೊತ್ತಿಲ್ಲ. ನೀರಿಗಿಳಿದು ನೆನೆದರೆ ನೆನೆದೆ ಅಂತ ಬರಿ, ಮುಚ್ಚಿಡಬೇಡ. ಪ್ರಬಂಧ ನಿಂತರೆ ನಿಲ್ಲಲಿ, ಬಿದ್ದರೆ ಬೀಳಲಿ," ಅಂದರು. ಅವರ ಕಾಲಿಗೆ ಬೀಳಬೇಕು ಅನ್ನಿಸಿತು, ಆದರೆ ಬಸ್ಸಿಗೆ ಹೊತ್ತಾಗಿತ್ತು.

ಮತ್ತೆ ಬಂಡೇಪಲ್ಲಿ

ವಾಪಸ್ಸು ಬಂದು ನೇರ ಓಬಮ್ಮನ ಹೊಲಕ್ಕೆ ಹೋದೆ. ಮಣ್ಣು ಒಣಗಿ ಬಣ್ಣ ತಿಳಿಯಾಗಿತ್ತು. ಬೆರಳುಗಳ ಉಗುರು ಕಿತ್ತುಹೋಗಿ ಅವಳು ಬಟ್ಟೆ ಸುತ್ತಿಕೊಂಡಿದ್ದಳು.

"ಓಬಮ್ಮಕ್ಕ, ನಿನ್ನ ಗಂಡ ದೂರ ಇದಾನೆ, ಅವನ ಮಾತು ಅವನೇ ವಾಪಸ್ಸು ತಗೋಬೇಕು. ನಾನು ಇಲ್ಲೇ ಇದೀನಲ್ಲ? ನನ್ನ ಮಾತು ನಾನು ತಗೋತೀನಿ. ಮನೆ ಮನೆಗೆ ಹೋಗಿ ಕರೀತೀನಿ. ಆದರೆ ಎಲ್ಲಿಗೆ ಕರೀಲಿ? ನನಗೆ ಹೊಲ ಇಲ್ಲ."

ಅವಳು ಕೀಳುತ್ತಲೇ ಇದ್ದಳು. ಒಂದು ಗಿಡ, ಇನ್ನೊಂದು ಗಿಡ. ಆಮೇಲೆ ಕೈ ನಿಂತಿತು. ನನ್ನನ್ನು ನೋಡಿದಳು, ಹೊಲವನ್ನು ನೋಡಿದಳು.

"ಹೊಲ ಇಲ್ವಾ? ಇದನ್ನ ಹಿಡ್ಕೋ."

"ಏನು?"

"ಪಾಲಿಗೆ ಹಿಡ್ಕೋ. ಈ ಸುಗ್ಗಿ ಮಟ್ಟಿಗೆ. ಅರ್ಧ ನಿಂದು, ಅರ್ಧ ನಂದು. ಆಗ ಇದು ನಿನ್ನ ಹೊಲ ಆಯ್ತಲ್ಲ?"

 ಊರು ಇದನ್ನು ಕುಯುಕ್ತಿ ಅಂದುಕೊಂಡರೆ ಅವಳಿಗೆ ಇದ್ದ ಹಿಟ್ಟು ಕಷಾಯದ ನಂಟೂ ಹೋಗುತ್ತದೆ. ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಮರದ ಕೆಳಗಿನಿಂದ ಅತ್ತೆ, "ರಾ ನಾಯ್ನಾ" ಅಂತ ಕರೆದಳು. ನನ್ನ ಕೈ ತಡಕಿ ಹಿಡಿದು, ಅಂಗೈಯಲ್ಲಿ ಒಂದು ಹಿಡಿ ಕೆಂಪು ಮಣ್ಣು ಇಟ್ಟು ಮುಚ್ಚಿದಳು. ಪಾಲು ಗಟ್ಟಿಯಾಯಿತು. ಏಳು ತಲೆಮಾರಿನಿಂದ ಹೊಲ ಕಾಣದ ನಮ್ಮ ಮನೆತನಕ್ಕೆ ಹೀಗೆ ಹೊಲ ಬಂತು.

ಮೊದಲು ಗೌಡರ ಬಾಗಿಲಿಗೆ ಹೋದೆ. ಒಳಗೆ ಬಾ ಅಂದರು, ಹೋಗಲಿಲ್ಲ, ಬಾಗಿಲಲ್ಲೇ ನಿಂತೆ.

"ಗೌಡ್ರೆ, ಬಿಟ್ಟೆ ಅಂದಿದ್ದು ನನ್ನ ತಪ್ಪು, ನಿಮ್ಮ ಪದ್ಧತಿ ಗೊತ್ತಿರಲಿಲ್ಲ. ಬಿಟ್ಟಿಲ್ಲ. ನಾಳೆ ನನ್ನ ಹೊಲಕ್ಕೆ ಕೈ ಹಾಕ್ತೀನಿ. ಬರಬೇಕು."

"ಎಲ್ಲೈತೆ ನಿನ್ನ ಹೊಲ?"

"ಬಂಡೆ ಪಕ್ಕದ್ದು. ಓಬಮ್ಮನ ಹತ್ತಿರ ಪಾಲಿಗೆ ಹಿಡಿದಿದೀನಿ."

 ಗೌಡರ ಮುಖದಲ್ಲಿ ಸಿಟ್ಟೋ ನಗುವೋ ತಿಳಿಯಲಿಲ್ಲ. ಒಳಗೆ ತಿಮ್ಮಕ್ಕನ ರಾಗಿ ಬೀಸುವ ಸದ್ದು ನಿಂತಿತು. "ಯೋಚ್ನೆ ನಿಂದಾ, ಅವಳದಾ?" ಅಂದರು.

"ಅವಳದು."

"ಊಂ," ಅಂದು ಒಳಗೆ ಹೋದರು. ಅಷ್ಟೇ. ಉಳಿದ ಮನೆಗಳಲ್ಲೂ ಅಷ್ಟೇ. ಬರುತ್ತೀವಿ ಅಂದವರಿಲ್ಲ, ಬರಲ್ಲ ಅಂದವರೂ ಇಲ್ಲ. ಓಬಮ್ಮ ಮಾತ್ರ ಇದ್ದಬದ್ದ ರಾಗಿಯನ್ನೆಲ್ಲ ಬೀಸಿ ದೊಡ್ಡ ಮಡಕೆ ತೊಳೆದಿಟ್ಟಳು. "ಬರದಿದ್ರೆ?" ಅಂತ ನಾನು ಕೇಳಿದ್ದಕ್ಕೆ, "ಬರದಿದ್ರೆ ನಾವು ಮೂರು ಜನ ತಿಂಗಳೆಲ್ಲ ಉಣ್ಣಾನ ಬುಡು," ಅಂದಳು. ನಗುತ್ತಲೇ ಅಂದಳು, ಆದರೆ ತೊಳೆದಿಟ್ಟ ಮಡಕೆಯನ್ನೇ ಮತ್ತೆ ತೊಳೆದಳು.

ಬೆಳಗಾಯಿತು. ಹೊಲದಲ್ಲಿ ನಾವಿಬ್ಬರೇ. ಸೂರ್ಯ ಬಂಡೆಯ ಮೇಲೆ ಬಂದ. ಊರ ಕಡೆಯ ದಾರಿಯಲ್ಲಿ ಒಂದು ನಾಯಿ ಬಂದು ಹೋಯಿತು.  ಆನರ್ಸು ಹಾಳಾಗಿ ಹೋಗಲಿ, ಈ ಹೆಂಗಸನ್ನು ಇನ್ನೂ ಕೆಳಕ್ಕೆ ತಳ್ಳಿಬಿಟ್ಟೆನಲ್ಲ ದೇವರೇ ಅಂತ ಒದ್ದಾ​ಡಿದೆ. ಓಬಮ್ಮ ದಾರಿಯ ಕಡೆ ಬೆನ್ನು ಮಾಡಿ ಕೀಳುತ್ತಿದ್ದಳು.

ಆಗ ಬೇಲಿಯ ಆಚೆ ತಿಮ್ಮಕ್ಕನ ಗಂಟಲು ಕೇಳಿಸಿತು. "ಲೇ ಮೈಸೂರಯ್ಯ, ಸಾಲು ಬಿಟ್ಟು ಕೀಳ್ತಿದ್ದೀಯಲ್ಲೋ, ಹೊಲದ ಯಜಮಾನ ಹಿಂಗೇನ್ಲಾ ಕೀಳೋದು?"

ತಿರುಗಿ ನೋಡಿದೆ. ಅಯ್ಯಪ್ಪ! ಊರಿಗೆ ಊರೇ ಬರುತ್ತಿತ್ತು. ಗುದ್ದಲಿ, ಕುಡುಗೋಲು, ಮಂಕರಿ, ತಲೆಯ ಮೇಲೆ ಮಜ್ಜಿಗೆಯ ಗಡಿಗೆ. ನಾನು ದುಡಿದ ಮನೆಯವರು ಬಂದಿದ್ದರು, ಸರಿ. ನಾನು ಒಂದು ದಿನವೂ ಹೋಗದ ಮನೆಯವರೂ ಬಂದಿದ್ದರು. ಹೆಸರು ಗೊತ್ತಿಲ್ಲದ ಮುದುಕರು ಬಂದಿದ್ದರು. ಬಿಗಿದ ನೆಲಕ್ಕೆ ಗಂಡಸರು ಗುದ್ದಲಿ ಹಾಕಿ ಸಡಿಲ ಮಾಡುತ್ತಾ ಮುಂದೆ ಹೋದರು, ಹಿಂದೆ ಹೆಂಗಸರು ಸಾಲು ಹಿಡಿದರು. ಆ ಹೊಲ ಚಾಪೆಯ ಹಾಗೆ ಸುತ್ತಿಕೊಳ್ಳುತ್ತಾ ಹೋದದ್ದನ್ನು ನಾನು ನಿಂತು ನೋಡಿದೆ. ಮಧುಗಿರಿಯ ಕಲ್ಲನ್ನು ನೋಡಿದಾಗ ಬಿಟ್ಟ ಬಾಯಿ ಮತ್ತೊಮ್ಮೆ ಬಿಟ್ಟೆ. ಗೌಡರು ದಾಟಿ ಹೋಗುತ್ತಾ, "ಬಾಯಿ ಮುಚ್ಚು, ಮಣ್ಣು ಹೋಗ್ತೈತೆ," ಅಂದರು.

ಮಧ್ಯಾಹ್ನ ಮರದ ಕೆಳಗೆ ಎಲ್ಲ ಸಾಲಾಗಿ ಕೂತರು. ಓಬಮ್ಮ ಮುದ್ದೆ ಬಡಿಸುತ್ತಾ ಗೌಡರ ಮುಂದೆ ಬಂದು ನಿಂತಳು. ಎಲ್ಲರೂ ಅವರ ಕೈಯನ್ನೇ ನೋಡುತ್ತಿದ್ದರು. ಗೌಡರು ಮುರಿದು, ಅದ್ದಿ, ನುಂಗಿ, "ಉಪ್ಪು ಕಮ್ಮಿ ಆಗೈತೆ. ಇನ್ನೊಂದು ಹಾಕು," ಅಂದರು. ಓಬಮ್ಮ ಹಾಕಿದಳು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಹೊಗೆ ಅಂದಳು. ಅಲ್ಲಿ ಹೊಗೆ ಇರಲಿಲ್ಲ.

ಇಳಿಹೊತ್ತಿಗೆ ಹೊಲ ಬೋಳು. ನನ್ನ ಅರ್ಧ ಪಾಲಿನ ರಾಶಿಯನ್ನು ಗೌಡರೇ ಬೇರೆ ಮಾಡಿ ತೋರಿಸಿದರು. ಬೇಡ ಅನ್ನುವ ಮಾತು ನಾಲಗೆಯ ತುದಿಯವರೆಗೆ ಬಂತು, ನುಂಗಿದೆ. ಆ ಮಟ್ಟಿಗೆ ಬುದ್ಧಿ ಬಂದಿತ್ತು. "ಓಬಮ್ಮಕ್ಕ, ನನ್ನ ಪಾಲನ್ನ ಬೀಜಕ್ಕೆ ಇಟ್ಕೊಂಡಿರು. ಮುಂದಿನ ಮಳೆಗೆ ನನ್ನದೂ ಸೇರಿಸಿ ಬಿತ್ತು," ಅಂದೆ. ಗೌಡರು ಮೀಸೆಯಡಿ ನಕ್ಕರು.

"ಮೈಸೂರಯ್ಯ, ನೀನು ದುಡಿದಿದ್ದಕ್ಕೆ ಎಷ್ಟು ಜನ ಬರಬೇಕಾಗಿತ್ತೋ, ಅದಕ್ಕಿಂತ ಜಾಸ್ತಿ ಬಂದವ್ರೆ. ನೋಡಿದ್ಯಾ?"

"ನೋಡಿದೆ. ಯಾಕೆ ಬಂದ್ರು ಅಂತ ತಿಳೀಲಿಲ್ಲ."

"ಸರಿಸಮ ಮಾಡಿದ್ರೆ ಮುಗೀತಲ್ಲಪ್ಪ. ಈಗ ನೀನು ನಮಗೆ ಬಾಕಿ, ಓಬಮ್ಮನೂ ಬಾಕಿ. ಮುಂದಿನ ಸುಗ್ಗಿಗೆ ಬಂದು ತೀರ್ಸು. ಬಂದಾಗ ನಾವು ಒಂದೀಟು ಬಾಕಿ ಉಳಿಸ್ಕೊಂತೀವಿ."

ಪ್ರೊಫೆಸರ ಪ್ರಶ್ನೆಗೆ ಉತ್ತರ ಹೀಗೆ ಸಿಕ್ಕಿತು. ಇವರು ಲೆಕ್ಕ ಇಡುವುದು ತೀರಿಸುವುದಕ್ಕಲ್ಲ, ತೀರದ ಹಾಗೆ ನೋಡಿಕೊಳ್ಳುವುದಕ್ಕೆ. ನಾನು ಲೈಬ್ರರಿಯಲ್ಲಿ ಓದಿದ್ದೆಲ್ಲ ಅದರ ಮುಂದೆ ಸಪ್ಪೆಯಾಯಿತು. ಪ್ರಬಂಧ ನಿಲ್ಲುತ್ತೋ ಬೀಳುತ್ತೋ ಈ ಬರಹ ಬರೆಯುವ ಹೊತ್ತಿಗೆ ನನಗೆ ಇನ್ನೂ ಗೊತ್ತಿಲ್ಲ. ಪ್ರೊಫೆಸರ ಮೇಜಿನ ಮೇಲಿದೆ.

ಹೊರಟ ದಿನ

ಹೊರಡುವ ಬೆಳಗ್ಗೆ ಹೇಳಿ ಹೋಗೋಣ ಅಂತ ಓಬಮ್ಮನ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಒಲೆಯ ಮುಂದೆ ಅರ್ಧ ಉಂಡ ತಟ್ಟೆ, ಮುದ್ದೆಯ ಮೇಲೆ ನೊಣ. ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ನನ್ನ ಹೆಜ್ಜೆ ಕೇಳಿ ಎರಡೂ ಕೈ ಮುಂದೆ ಚಾಚಿದಳು.

"ಓಬಮ್ಮಕ್ಕ ಎಲ್ಲಿ, ಅಜ್ಜಿ?"

"ಕೂಗಿದ್ರು ನಾಯ್ನಾ! ತಿಮ್ಮಕ್ಕನೇ ಬಂದು ಬಾಗ್ಲಲ್ಲಿ ನಿಂತ್ಕೊಂಡು ಕೂಗಿದ್ಲು. ಓಬಮ್ಮಾ, ಕಾಯಿ ಬಿಡಿಸೋಕೆ ಬತ್ತೀಯೇನೇ ಅಂದ್ಲು. ಇವಳು ಉಣ್ತಿದ್ದೋಳು ಕೈ ತೊಳೀದೇ ಓಡಿದ್ಲು ಕಣಪ್ಪ. ಕೈ ತೊಳೀಲೇ ಇಲ್ಲ." ಮುದುಕಿ ನನ್ನ ಕೈ ಹಿಡಿದುಕೊಂಡು ಅದನ್ನೇ ಮತ್ತೆ ಮತ್ತೆ ಹೇಳಿದಳು. "ಕೂಗಿದ್ರು ನಾಯ್ನಾ, ಕೂಗಿದ್ರು."

ನನ್ನ ಗಾಡಿ ಗೌಡರ ಕಣದ ಪಕ್ಕದಲ್ಲೇ ಹಾದು ಹೋಯಿತು. ಕಣದ ತುಂಬ ಹೆಂಗಸರು, ನಡುವೆ ಬಳ್ಳಿಯ ರಾಶಿ. ಓಬಮ್ಮ ಅವರ ಮಧ್ಯೆ ಕೂತು, ಕೈಯಲ್ಲಿ ಕಾಯಿ ಬಿಡಿಸುತ್ತಾ, ಬಾಯಲ್ಲಿ ಏನೋ ಹೇಳುತ್ತಾ ಇದ್ದಳು. ಹೇಳಿದ್ದಕ್ಕೆ ಎಲ್ಲರೂ ನಕ್ಕರು. ಗಾಡಿಯವನು "ನಿಲ್ಲಿಸ್ಲಾ ಸ್ವಾಮಿ?" ಅಂದ.

ಬೇಡ ಅಂದೆ. ಅವಳಿಗೆ ಕೆಲಸ ಇತ್ತು.